ಮುಚ್ಚಳದ ಮೇಲಿನ ಮರಿ

ಆ ಸದ್ದು ಗೋಡೆಯೊಳಗಿಂದ ಬರುತ್ತಿದೆಯೋ ಹುಡುಗಿಯ ಗಂಟಲಿನಿಂದ ಬರುತ್ತಿದೆಯೋ ಎಂದು ವರ್ನಾಗೆ ಮೊದಲು ತಿಳಿಯಲಿಲ್ಲ. ಕಾಫಿಯ ಲೋಟ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಿವಿಗೊಟ್ಟಳು. ಸೀದುಹೋದ ಪಾತ್ರೆಯ ತಳವನ್ನು ಯಾರೋ ಚಮಚದಿಂದ ಕೆರೆಯುತ್ತಿರುವಂಥ ಸದ್ದು. ಕೆರೆಯುವುದು, ನಿಲ್ಲುವುದು, ಮತ್ತೆ ಕೆರೆಯುವುದು. ನಡುಮನೆಯಲ್ಲಿ ಅಗ್ಗಿಷ್ಟಿಕೆಯ ಮುಂದೆ ಮಾರ್ಲಿ ಮಂಡಿಯೂರಿ ಕೂತಿದ್ದಳು, ಬೆನ್ನು ಇತ್ತ, ಮುಖ ಅತ್ತ. ಚಳಿಗಾಲದಲ್ಲಿ ಸರ್ಕಾರದವರು ತಂದು ಈ ಮನೆಯಲ್ಲಿ ಬಿಟ್ಟಾಗಿನಿಂದ ಹುಡುಗಿ ನಿದ್ದೆಯಲ್ಲಿ ಇಂಥದೇ ಸದ್ದು ಮಾಡುತ್ತಿದ್ದಳು. ಹಲ್ಲು ಕಡಿಯುತ್ತಾಳೆ, ಹುಳ ಇರಬೇಕು ಎಂದು ಗಂಡ ಡೆಲ್ಬರ್ಟ್ ಹೇಳಿ ಮಗ್ಗುಲು ಬದಲಿಸಿದ್ದ. ವರ್ನಾ ಹಲ್ಲು ಕಡಿಯುವವರನ್ನು ಕಂಡಿದ್ದಳು. ಅವಳ ಅಣ್ಣನೇ ಕಡಿಯುತ್ತಿದ್ದ. ಇದು ಅದಲ್ಲ. ಇದು ಯಾರನ್ನೋ ಕರೆಯುವಂತಿರುತ್ತಿತ್ತು, ಕರೆಯುವವರಿಗೇ ಯಾರನ್ನೆಂದು ಮರೆತುಹೋದಂತೆ. ತಾನು ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು, ಆ ಕರೆ ತನ್ನ ಹೆಸರಿಗೆ ಹೊಂದುತ್ತದೆಯೇ ಎಂದು ಕೇಳಿಸಿಕೊಳ್ಳುತ್ತಿದ್ದುದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮನೆಯ ಬಾಗಿಲುಗಳೆಲ್ಲ ಎಂದಿನಂತೆ ತೆರೆದುಕೊಂಡಿದ್ದವು. ಅದು ಮಾರ್ಲಿಯ ಕೆಲಸ. ಆರು ವರ್ಷದ ಹುಡುಗಿ, ಮಾತೆಂದರೆ ತಲೆಯಾಡಿಸುವುದಷ್ಟೇ, ಆದರೆ ಬೆಳಗಾಗುವುದರೊಳಗೆ ಮನೆಯಲ್ಲಿ ಮುಚ್ಚಿದ್ದೆಲ್ಲವನ್ನೂ ತೆರೆದಿಡುತ್ತಿದ್ದಳು: ಬಟ್ಟೆಯ ಬೀರು, ಒಲೆಯ ಬಾಯಿ, ಬಚ್ಚಲಿನ ಕಪಾಟು, ನೆಲಮಾಳಿಗೆಯ ಬಾಗಿಲು. ವರ್ನಾ ಅವಳ ಹಿಂದೆಯೇ ಒಂದೊಂದನ್ನೇ ಮುಚ್ಚುತ್ತ ಬರುತ್ತಿದ್ದಳು. ಯಾಕೆ ತೆಗೆದೆ ಎಂದು ಇವಳು ಕೇಳಲಿಲ್ಲ, ಯಾಕೆ ಮುಚ್ಚಿದೆ ಎಂದು ಅವಳು ಕೇಳಲಿಲ್ಲ. ತೆರೆದ ಬೀರುವಿನ ಮುಂದೆ ನಿಂತಾಗಲೆಲ್ಲ ಒಳಗೆ ಕೂತಿದ್ದ ಯಾರೋ ಈಗಷ್ಟೇ ಎದ್ದುಹೋದರೆಂದು ಅನಿಸುತ್ತಿತ್ತು. ನೇತುಹಾಕಿದ ಕೋಟುಗಳು ಸಣ್ಣಗೆ ಅಲ್ಲಾಡುತ್ತಿರುತ್ತಿದ್ದವು. ಅಗ್ಗಿಷ್ಟಿಕೆಯೊಂದನ್ನು ಅವಳು ಮರೆತಿದ್ದಳು. ಗ್ಯಾಸ್ ಹೀಟರ್ ಬಂದ ಮೇಲೆ ಅದರಲ್ಲಿ ಬೆಂಕಿ ಹಾಕಿದವರಿಲ್ಲ. ಹೊಗೆಗೂಡಿನ ಬುಡಕ್ಕೊಂದು ಕಬ್ಬಿಣದ ಮುಚ್ಚಳ, ಅದಕ್ಕೊಂದು ತುಕ್ಕು ಹಿಡಿದ ಹಿಡಿಕೆ. ಅದನ್ನೂ ಎಳೆದು ತೆಗೆಯಬಹುದೆಂದು ಹುಡುಗಿ ಯಾವಾಗ ಕಂಡುಕೊಂಡಳೋ. ಈಗ ಮುಚ್ಚಳ ಬಾಯಿಬಿಟ್ಟುಕೊಂಡಿತ್ತು. ರಾತ್ರಿಯ ಮಳೆಯ ವಾಸನೆ, ಹಳೆಯ ಮಸಿಯ ವಾಸನೆ ಕೋಣೆಗೆ ಇಳಿಯುತ್ತಿದ್ದವು. ಕೆಳಗೆ ಒದ್ದೆ ಬೂದಿಯ ಮೇಲೆ ಒಂದು ಹಕ್ಕಿಯ ಮರಿ ಬಿದ್ದಿತ್ತು.

ಅದನ್ನು ಹಕ್ಕಿ ಎನ್ನಲು ಕೊಂಚ ಧೈರ್ಯ ಬೇಕಿತ್ತು. ಮಸಿಯ ಬಣ್ಣ. ರೆಕ್ಕೆಗಳಲ್ಲಿ ಪುಕ್ಕಗಳು ಇನ್ನೂ ಅರ್ಧ ಕೊಳವೆಯೊಳಗೇ ಇದ್ದವು. ಕತ್ತಿಲ್ಲ, ಕಾಲಿಲ್ಲ, ಬರೀ ಉಗುರು. ಕಣ್ಣು ಬಿಟ್ಟು ಒಂದೆರಡು ದಿನ ಆಗಿರಬಹುದು. ಆ ಕಣ್ಣಿಂದ ಅದು ವರ್ನಾಳನ್ನು ನೋಡಿತು, ಗುರುತು ಹಿಡಿದವರ ಹಾಗೆ. ಆಮೇಲೆ ಬಾಯಿ ತೆರೆದು ಅದೇ ಸದ್ದು ಮಾಡಿತು. ಪಕ್ಕದಲ್ಲಿದ್ದ ಹುಡುಗಿಯ ಬಾಯಿಯೂ ತೆರೆಯಿತು, ಆದರೆ ಸದ್ದು ಬರಲಿಲ್ಲ. ವರ್ನಾಗೆ ಭಯವಾಯಿತು. ನಡುಮನೆಯಲ್ಲಿ, ಹಗಲು ಹೊತ್ತಿನಲ್ಲಿ, ಕೈಯಲ್ಲಿ ಬಿಸಿ ಕಾಫಿ ಇದ್ದೂ.

ಡೆಲ್ಬರ್ಟ್ ಪ್ಯಾಂಟಿನ ಪಟ್ಟಿ ಬಿಗಿಯುತ್ತ ಬಂದ. "ಏನದು, ಬಾವಲಿನಾ?"

"ಹಕ್ಕಿಮರಿ. ಮೇಲಿಂದ ಬಿದ್ದಿದೆ."

ಅವನು ಬಗ್ಗಿ ನೋಡಿ, "ಓ, ಚಿಮಣಿಹಕ್ಕಿ," ಎಂದ. "ನಮ್ಮಜ್ಜಿ ಮನೇಲೂ ಇದ್ವು. ಪ್ರತಿ ಬೇಸಿಗೇಲೂ ಹೊಗೆಗೂಡೊಳಗೆ ಗುಡುಗಿದ ಹಾಗೆ ಸದ್ದು. ನಮ್ಮಜ್ಜ ಸತ್ತ ಮೇಲೆ ಅಜ್ಜಿ ಏನ್ಮಾಡ್ತಿದ್ಲು ಗೊತ್ತಾ? ಆ ಗುಡುಗಿಗೇ ಬೈಯ್ತಿದ್ಲು, ಇನ್ನೂ ಬೂಟು ಬಿಚ್ಚಿಲ್ವಾ ಮುದುಕಾ ಅಂತ."

"ತಮಾಷೆ ಸಾಕು. ಏನ್ಮಾಡೋಣ ಇದಕ್ಕೆ?"

"ಮಾಡೋದೇನು? ಸ್ಟ್ರಾಬೆರಿ ಬುಟ್ಟಿಗೆ ಹಾಕಿ ಮರಕ್ಕೆ ಮೊಳೆ ಹೊಡೆಯೋದು. ಅವರಮ್ಮ ಬಂದು ನೋಡ್ಕೊಳ್ತಾಳೆ. ಅಲ್ವೇನೇ ಪುಟ್ಟೀ?"

ಈ ಹೊಳೆದಂಡೆಯ ಊರಲ್ಲಿ ಬಿದ್ದ ಮರಿಗೆಲ್ಲ ಅದೊಂದೇ ಮದ್ದು. ಯಾರ ಹಿತ್ತಲಲ್ಲಿ ನೋಡಿದರೂ ಮೇಪಲ್ ಮರದಲ್ಲೊಂದು ಹಳೆ ಬುಟ್ಟಿ ಕೊಳೆಯುತ್ತಿರುತ್ತದೆ. ಡೆಲ್ಬರ್ಟ್ ಸುತ್ತಿಗೆ ತಂದ, ಏಣಿ ಹಾಕಿದ, ಒಂದು ಜೀವ ಉಳಿಸಿದವನ ಠೀವಿಯಿಂದ ಕೆಳಗಿಳಿದು ಕೈ ಒರೆಸಿಕೊಂಡ. ತಾನು ಓಡಿಸುವ ಗ್ಯಾಸ್ ಸಿಲಿಂಡರ್ ಲಾರಿ ಹತ್ತುವ ಮುಂಚೆ ಅವಳನ್ನು ಪಕ್ಕಕ್ಕೆ ಕರೆದ.

"ರೋಶೆಲ್ ಇವತ್ತೇ ಬರೋದಲ್ವಾ? ಏನ್ ಹೇಳ್ಬೇಕು ಅಂತಿದ್ದೀಯ?"

"ಇದ್ದದ್ದು ಹೇಳ್ತೀನಿ, ಫೋನಲ್ಲಿ ಹೇಳಿದ್ದನ್ನೇ. ಅಮ್ಮನ್ನ ನೋಡ್ಕೊಂಡು ಬಂದಾಗ್ಲೆಲ್ಲ ಮಗು ಹೆದರಿರುತ್ತೆ, ಹಾಸಿಗೆ ಒದ್ದೆ ಮಾಡ್ಕೊಳ್ಳುತ್ತೆ ಅಂತ."

"ಒಂದ್ಸಲ ಕಣೇ ವರ್ನಾ. ಅದೂ ಆ ದಿನ ನೀನೇ ಅವಳಿಗೆ ಅಷ್ಟು ಸೋಡಾ ಕುಡಿಸಿದ್ದೆ."

"ನಿನಗೆ ಅವಳು ಇಲ್ಲೇ ಇರೋದು ಬೇಡ್ವಾ?"

ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಬೇಕು," ಎಂದು ಹೇಳಿ ಲಾರಿ ಹತ್ತಿದ.

ಮುಂದಿನ ವಾರ ನ್ಯಾಯಾಧೀಶರ ಮುಂದೆ ತೀರ್ಮಾನ. ಮಾರ್ಲಿ ತಾಯಿಯ ಮನೆಗೆ ಮರಳುವಳೋ ಇಲ್ಲವೋ ಎನ್ನುವುದಕ್ಕೆ ಸಾಕುತಾಯಿಯ ಒಂದು ಮಾತೂ ತಕ್ಕಡಿಗೆ ಬೀಳುತ್ತದೆ ಎಂದು ಮಕ್ಕಳ ಇಲಾಖೆಯ ರೋಶೆಲ್ ಹೇಳಿದ್ದಳು. ವರ್ನಾ ಆ ಮಾತನ್ನು ಪಾತ್ರೆ ತೊಳೆಯುವಾಗ, ಚರ್ಚಿನಲ್ಲಿ ಮಂಡಿಯೂರಿದಾಗ, ಬಾಯಲ್ಲಿಟ್ಟುಕೊಂಡು ಮೆತ್ತಗೆ ಮಾಡಿಕೊಂಡಿದ್ದಳು. ಸುಳ್ಳೇನಲ್ಲ, ಕೊಂಚ ಎಳೆದ ನಿಜ. ಸ್ವೆಟರ್ ಕೂಡ ಎಳೆದರೆ ದೊಡ್ಡದಾಗುವುದಿಲ್ಲವೇ. ಅಂಗಡಿಯ ಹುಡುಗಿ ಹುರುಳಿಕಾಯಿ ಡಬ್ಬಿಗಳನ್ನು ಚೀಲಕ್ಕೆ ತುಂಬುತ್ತ, ಮೊಮ್ಮಗಳಾ ಅಂತ ಕೇಳಿದ್ದಳು, ವರ್ನಾ ಹೂಂ ಅಂದಿದ್ದಳು. ಆಗ ಮಾರ್ಲಿ ತಲೆಯೆತ್ತಿ ನೋಡಿದ ನೋಟ ಕೋಪದ್ದಲ್ಲ, ಬೇಸರದ್ದಲ್ಲ, ತಪ್ಪು ವಿಳಾಸಕ್ಕೆ ಬಂದವರನ್ನು ನೋಡುವ ನೋಟ. ಇಲಾಖೆಯ ಕಟ್ಟಡದ ಭೇಟಿಯ ಕೋಣೆಯಲ್ಲಂತೂ ಹುಡುಗಿ ಬಾಗಿಲು ತೆಗೆದದ್ದೇ ತಡ, ತಾಯಿ ಶೀನಾಳ ತೊಡೆಗೆ ಹೋಗಿ ಅಂಟಿಕೊಳ್ಳುತ್ತಿದ್ದಳು, ಉಗುರಿಂದ. ವರ್ನಾ ಪುಟ್ಟ ಕೋಟನ್ನು ತೋಳ ಮೇಲೆ ಹಾಕಿಕೊಂಡು, ಮದುವೆಮನೆಯಲ್ಲಿ ಚಪ್ಪಲಿ ಕಾಯುವವರಂತೆ ಹೊರಗೆ ನಿಲ್ಲಬೇಕಾಗಿತ್ತು. ಅಷ್ಟಕ್ಕೂ ಆ ಶೀನಾ ಯಾರು? ಮಗಳನ್ನು ಮೆಟ್ಟಿಲ ಕೆಳಗಿನ ಗೂಡಿಗೆ ತಳ್ಳಿ ಹೊರಗಿಂದ ಚಿಲಕ ಹಾಕಿ ಓಡಿಹೋದವಳು. ಪೊಲೀಸರು ಬಂದು ಚಿಲಕ ತೆಗೆದಾಗ ಮಗು ಕತ್ತಲಲ್ಲಿ ಗೋಡೆ ಹಿಡಿದು ನಿಂತಿತ್ತಂತೆ. ಯಾರು ಎಷ್ಟು ಕೇಳಿದರೂ ಅದು ಹೇಳಿದ್ದು ಒಂದೇ ಒಂದು ಮಾತು: ಅಮ್ಮ ನನ್ನ ಕತ್ತಲೇಲಿ ಹಾಕಿ ಬಾಗ್ಲು ಹಾಕಿದ್ಲು. ಶೀನಾಳಿಂದ ಮಗುವನ್ನು ಬಿಡಿಸಲು ಆ ಒಂದು ಮಾತು ಸಾಕಾಯಿತು.

ಒಮ್ಮೆ ಆ ಕಟ್ಟಡದ ಕಾರಿಡಾರಿನಲ್ಲಿ, ನೀರಿನ ನಲ್ಲಿಯ ಹತ್ತಿರ, ಶೀನಾ ವರ್ನಾಳ ತೋಳು ಹಿಡಿದಿದ್ದಳು. ಎಳೆ ವಯಸ್ಸಿನವಳು, ಉಗುರಿನ ಸುತ್ತ ಕಚ್ಚಿಕೊಂಡ ಗಾಯ. "ನೀವಾದ್ರೂ ಕೇಳಿ, ಮಿಸ್ ವರ್ನಾ. ನನ್ ಜೊತೆ ಇದ್ದವನು ಬಂದೂಕು ತಗೊಂಡು ಹಿತ್ತಲಿಗೆ ಬಂದಿದ್ದ. ನಾನು ರಸ್ತೆಗೆ ಓಡಿದ್ರೆ ನನ್ ಹಿಂದೆ ಬರ್ತಾನೆ, ಮನೆಯೊಳಗೆ ಹುಡುಕಲ್ಲ ಅಂತ ಗೊತ್ತಿತ್ತು. ಚಿಲಕ ಹಾಕ್ದೇ ಇದ್ದಿದ್ರೆ ಮಗು ನನ್ ಹಿಂದೇನೇ ಓಡಿ ಬರ್ತಿತ್ತು. ವಾಪಸ್ ಬರ್ತಿದ್ದೆ ನಾನು. ಬರ್ತಾನೇ ಇದ್ದೆ." ವರ್ನಾ ತೋಳನ್ನು ಮೆಲ್ಲಗೆ ಬಿಡಿಸಿಕೊಂಡು, ಭಾನುವಾರದ ಚರ್ಚಿನ ದನಿಯಲ್ಲಿ, "ಬೇರೆ ದಾರಿ ಇರ್ಲಿಲ್ವಾಮ್ಮಾ?" ಎಂದು ಕೇಳಿದ್ದಳು. ಶೀನಾ ಬಾಯಿ ತೆರೆದಳು, ಮುಚ್ಚಿದಳು. ಆ ಪ್ರಶ್ನೆ ಎಷ್ಟು ಚೆನ್ನಾಗಿ ಹೊರಟಿತೆಂದು ವರ್ನಾಗೆ ಮನೆಗೆ ಬರುವ ದಾರಿಯುದ್ದಕ್ಕೂ ಒಳಗೊಳಗೇ ಸಮಾಧಾನವಾಗಿತ್ತು.

ಈಗ ಹಿತ್ತಲಲ್ಲಿ ಏನೋ ಪಟ್ಟೆಂದು ಬಿತ್ತು. ಮರಿ ಬುಟ್ಟಿಯಲ್ಲಿ ಇರಲಿಲ್ಲ. ಅದು ಬುಟ್ಟಿಯ ಅಂಚಿಗೆ ತೆವಳಿ, ಹೊರಮೈಗೆ ಒಂದಷ್ಟು ಹೊತ್ತು ಜೋತುಬಿದ್ದು, ಹುಲ್ಲಿಗೆ ಬಿದ್ದಿತ್ತು. ವರ್ನಾ ಎತ್ತಿ ಬುಟ್ಟಿಗಿಟ್ಟಳು. ಮತ್ತೆ ಬಿತ್ತು. ಮೇಲೆ ಆಕಾಶದಲ್ಲಿ ಅದರ ಜಾತಿಯವು ಕತ್ತರಿ ಆಡಿಸಿದಂತೆ ಕಿಚಗುಟ್ಟುತ್ತ ಸುತ್ತುತ್ತಿದ್ದವು. ಒಂದೂ ಮರದತ್ತ ತಿರುಗಿ ನೋಡಲಿಲ್ಲ, ಮರ ಎಂಬುದೇ ಲೋಕದಲ್ಲಿ ಇಲ್ಲವೇನೋ ಎಂಬಂತೆ. ಅವಳು ಮರಿಯನ್ನು ಒಳಗೆ ತಂದು ಬೂಟಿನ ಡಬ್ಬಿಯಲ್ಲಿಟ್ಟು, ಗಾಯಗೊಂಡ ಹಕ್ಕಿಗಳನ್ನು ಸಾಕುವ ಹೆಂಗಸೊಬ್ಬಳ ನಂಬರ್ ಹುಡುಕಿ ಫೋನ್ ಮಾಡಿದಳು. ಆ ಹೆಂಗಸಿನ ಹಿಂದೆ ಏನೇನೋ ಅರಚುತ್ತಿದ್ದವು.

"ಮರಕ್ಕೆ ಕಟ್ಟಿದ್ರಾ? ಅಯ್ಯೋ ದೇವ್ರೇ. ಅದಕ್ಕೆ ಕೊಂಬೆ ಮೇಲೆ ಕೂರೋ ಕಾಲಿಲ್ಲಮ್ಮಾ, ಗೋಡೆ ಕಚ್ಕೊಂಡು ಬದುಕೋ ಜಾತಿ. ಕಣ್ಣು ಬಿಟ್ಟಿದೆಯಾ? ಪುಕ್ಕ ಬಂದಿದೆಯಾ? ಹಾಗಾದ್ರೆ ಬಿದ್ದಲ್ಲಿಗೇ ವಾಪಸ್ ಹಾಕು. ಹೊಗೆಗೂಡೊಳಗೆ ಕೈ ಎಷ್ಟು ಮೇಲೆ ಹೋಗುತ್ತೋ ಅಷ್ಟು ಮೇಲೆ, ಇಟ್ಟಿಗೆಗೆ ಆನಿಸಿ ಹಿಡಿ. ಹಿಡ್ಕೊಳ್ಳುತ್ತೆ. ಆಮೇಲೆ ಮುಚ್ಚಳ ಹಾಕ್ಬಿಡು."

"ಕತ್ತಲಲ್ವಾ ಅಲ್ಲಿ?"

"ಅದಕ್ಕೆ ಅದೇ ಮನೆ. ಕೆಳಗಡೆ ಬೆಳಕು ಕಂಡ್ರೆ ಮತ್ತೆ ಇತ್ತಲೇ ಇಳಿದು ಬೀಳುತ್ತೆ. ತಾಯಿ ಮೇಲಿಂದ ಬರ್ತಾಳೆ."

"ಬೇರೆ ದಾರಿ ಇಲ್ವಾ?" ಎಂದಳು ವರ್ನಾ. ಈ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಎನಿಸಿತು.

"ಇದೆ. ನನ್ನ ಹತ್ರ ತಂದ್ಕೊಟ್ರೆ ಸಾಕ್ತೀನಿ. ಆದ್ರೆ ತಾಯಿ ಇದ್ದಾಳಲ್ಲಮ್ಮಾ, ಅವಳಿರುವಾಗ ನಾನ್ಯಾಕೆ?"

ಫೋನ್ ಇಟ್ಟಮೇಲೆ ಅವಳು ಮುಚ್ಚಳದ ಹತ್ತಿರ ಹೋಗಲಿಲ್ಲ. ಅಡುಗೆಮನೆಯಲ್ಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟಳು, ಹಳೆಯ ಟವೆಲ್ ಸುತ್ತಿದಳು, ಪಕ್ಕದ ಮನೆಯಿಂದ ಬೆಕ್ಕಿನ ಆಹಾರ ಇಸಕೊಂಡು ನೀರಲ್ಲಿ ನೆನೆಸಿದಳು. ಆಗ ಮಾರ್ಲಿ ಬಂದಳು. ಬಂದು, ಎಂದೂ ಇಲ್ಲದ್ದು, ಅವಳ ಪಕ್ಕದಲ್ಲೇ ನಿಂತಳು. ಹುಡುಗಿಯ ಭುಜ ಇವಳ ಸೊಂಟಕ್ಕೆ ತಾಗಿತು, ತಾಗಿಯೇ ಇತ್ತು. ಇಬ್ಬರೂ ಡಬ್ಬಿಯ ಮೇಲೆ ಬಗ್ಗಿದರು. ಹುಡುಗಿಯ ಕೂದಲಿನ ವಾಸನೆ, ಒದ್ದೆ ಬೂದಿಯ ವಾಸನೆ. ವರ್ನಾಗೆ ಎಂಥ ಸಂತೋಷವಾಯಿತೆಂದರೆ ಉಸಿರು ಬಿಟ್ಟರೆ ಅದು ಹಾರಿಹೋದೀತೆಂದು ಹೆದರಿದಳು. ಹೀಗೇ ಇರಲಿ, ರೋಶೆಲ್ ಬಂದಾಗ ಹೀಗೇ ಕಾಣಲಿ: ಇವಳೂ ಮಗುವೂ ಒಂದು ಜೀವಕ್ಕೆ ಉಣಿಸುತ್ತಿರುವುದು. ಹೇಳಬೇಕಾದ ಮಾತನ್ನು ಆಗ ಹೇಳಲೂಬೇಕಿಲ್ಲ. ಅವಳು ಕಡ್ಡಿಯ ತುದಿಯಲ್ಲಿ ಆಹಾರ ಹಿಡಿದು ಮರಿಯ ಬಾಯಿಗೆ ತಾಗಿಸಿದಳು. ಅದು ಬಾಯಿ ತೆರೆಯಲಿಲ್ಲ. ಟವೆಲ್ಲಿನ ಮೇಲೆ ಅಂಗಾತ ಬೀಳುವುದು, ಹೇಗೋ ಮಗುಚಿಕೊಂಡು ಡಬ್ಬಿಯ ಗೋಡೆಗೆ ಉಗುರು ಹಾಕುವುದು, ನುಣುಪು ರಟ್ಟಿನಿಂದ ಜಾರಿ ಮತ್ತೆ ಬೀಳುವುದು, ಇಷ್ಟೇ. ಸದ್ದು ಸಣ್ಣದಾಗುತ್ತ ಬಂತು. ತಿನ್ನು, ತಿನ್ನೇ ಮಾರಾಯ್ತಿ, ಎಂದು ವರ್ನಾ ಪಿಸುಗುಟ್ಟಿದಳು. ಮರಿಯ ಕಣ್ಣು ಅರ್ಧ ಮುಚ್ಚಿತು.

ಆಗ ನಡುಮನೆಯ ಗೋಡೆಯೊಳಗೆ ಗುಡುಗಿತು. ಹೊರಗೆ ಬಿಸಿಲಿತ್ತು. ಯಾರೋ ದೊಡ್ಡ ಕಂಬಳಿಯನ್ನು ಬಾವಿಯೊಳಗೆ ಕೊಡವಿದಂತೆ ಧಡ್ ಧಡ್ ಎಂದು ಮೇಲಿಂದ ಕೆಳಗಿಳಿಯಿತು, ಮುಚ್ಚಳದ ಬಾಯಿಯ ತನಕ ಬಂತು, ಅಲ್ಲಿ ನಿಂತಿತು. ಹುಡುಕಿತು. ಹುಡುಕುವುದು ಕೇಳಿಸುತ್ತಿತ್ತು. ಮರಿ ತಲೆಯೆತ್ತಿತು, ಅದೇ ಕ್ಷಣದಲ್ಲಿ, ಅದೇ ಕೋನಕ್ಕೆ, ಮಾರ್ಲಿಯ ತಲೆಯೂ ಎದ್ದಿತು. ಇಬ್ಬರೂ ಗೋಡೆಯತ್ತ ನೋಡುತ್ತಿದ್ದರು, ಒಬ್ಬರೂ ವರ್ನಾಳನ್ನು ನೋಡುತ್ತಿರಲಿಲ್ಲ. ತನ್ನ ಅಡುಗೆಮನೆಯಲ್ಲಿ, ತನ್ನ ಮೇಜಿನ ಹತ್ತಿರ, ತಾನೊಬ್ಬಳೇ ಹೊರಗಿನವಳು. ಗುಡುಗು ಮೇಲಕ್ಕೆ ಏರಿ ಹೋಯಿತು. ಹುಡುಗಿಯ ಭುಜ ಸೊಂಟದಿಂದ ಆಗಲೇ ಸರಿದಿತ್ತು.

ಇನ್ನೂ ಕೊಂಚ ಹೊತ್ತು, ರೋಶೆಲ್ ಬಂದುಹೋಗಲಿ, ಎಂದು ಅವಳಿಗೆ ಅನಿಸಿತು. ಅನಿಸಿದ್ದನ್ನು ಅವಳು ಸ್ಪಷ್ಟವಾಗಿ ಕಂಡಳು, ಊಟದ ತಟ್ಟೆಯಲ್ಲಿ ಕೂದಲು ಕಂಡಂತೆ. ಮರಿಗೆ ಅಷ್ಟು ಹೊತ್ತು ಇರಲಿಲ್ಲ. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದು ಅಗ್ಗಿಷ್ಟಿಕೆಯೊಳಗೆ ತಲೆ ಹಾಕಿದಳು, ಒಳ್ಳೆಯ ಬ್ಲೌಸ್ ಹಾಕಿಕೊಂಡಿದ್ದನ್ನು ಮರೆತು. ಮುಚ್ಚಳದ ಸಂದಿಯಲ್ಲಿ ತೋಳು ಭುಜದ ತನಕ ಹೋಯಿತು. ಒಳಗೆ ತಣ್ಣಗೆ, ಒದ್ದೆ ಒದ್ದೆ. ಇಟ್ಟಿಗೆಗೆ ಮರಿಯನ್ನು ಆನಿಸಿ ಹಿಡಿದಳು. ಏನೂ ಆಗಲಿಲ್ಲ. ಆಮೇಲೆ ಸಣ್ಣ ಸಣ್ಣ ಉಗುರುಗಳು ಅವಳ ಬೆರಳನ್ನು ಬಿಟ್ಟು ಗೋಡೆಯನ್ನು ಹಿಡಿದವು. ಹಾಗೆ ಬಿಟ್ಟದ್ದು ಅವಳಿಗೆ ನೋವಾಯಿತು, ನಿಜವಾಗಿಯೂ, ಎದೆಯೊಳಗೆ. ತೋಳು ಹೊರಗೆ ಎಳೆದು ಹಿಡಿಕೆಯನ್ನು ನೂಕಿದಳು. ತುಕ್ಕು ಹಿಡಿದ ಕಬ್ಬಿಣ ಕಿರುಚಿತು, ಅದರ ಜೊತೆಗೇ ಮಾರ್ಲಿ ಕಿರುಚಿದಳು. ಹುಡುಗಿ ಓಡಿಬಂದು ಅವಳ ತೋಳಿಗೆ ಜೋತುಬಿದ್ದಳು, ಹಿಡಿಕೆಯನ್ನು ಎಳೆಯಲು ನೋಡಿದಳು, ಕಚ್ಚಿದಳು. "ಬೇಡ ಚಿನ್ನಾ, ತೆಗೀಬಾರ್ದು, ತೆಗೆದ್ರೆ ಬೀಳುತ್ತೆ," ಎನ್ನುತ್ತ ವರ್ನಾ ಹಿಡಿಕೆಗೆ ಅಡ್ಡವಾಗಿ ಬೂದಿಯಲ್ಲೇ ಕೂತುಬಿಟ್ಟಳು. ಮೇಲೆ ಕಬ್ಬಿಣದ ಆಚೆ ಕೆರೆಯುವ ಸದ್ದು ಮೊದಲಾಗಿ, ಮೇಲಕ್ಕೆ ಮೇಲಕ್ಕೆ ಹೋಗಿ, ನಿಂತುಹೋಯಿತು.

ರೋಶೆಲ್ ಬಂದಾಗ ವರ್ನಾ ಹಾಗೇ ಕೂತಿದ್ದಳು, ಹುಡುಗಿ ದೂರ ಸರಿದಿದ್ದಳು. ತೆರೆದೇ ಇದ್ದ ಬಾಗಿಲಿಂದ ಆಕೆ ನೇರ ಒಳಗೆ ಬಂದು, ಮಸಿ ಮೆತ್ತಿದ ಹೆಂಗಸನ್ನೂ ಮೂಲೆಯಲ್ಲಿ ಗೋಡೆ ಹಿಡಿದು ನಿಂತ ಮಗುವನ್ನೂ ನೋಡಿದಳು. "ಏನಾಯ್ತು ಇಲ್ಲಿ? ಮಾರ್ಲಿ, ಏನಾಯ್ತಮ್ಮಾ?"

ಮಾರ್ಲಿ ತಲೆಯಾಡಿಸಲಿಲ್ಲ. ಸ್ಪಷ್ಟವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು: "ಮಿಸ್ ವರ್ನಾ ಮರೀನ ಕತ್ತಲೇಲಿ ಹಾಕಿ ಬಾಗ್ಲು ಹಾಕಿದ್ರು."

ರೋಶೆಲ್ ಕೆಟ್ಟವಳಲ್ಲ. ಆಕೆಯ ಮುಖ ಗಟ್ಟಿಯಾದದ್ದು ಅಭ್ಯಾಸದಿಂದ. "ಹೌದಾ ವರ್ನಾ?"

"ಹೌದು. ಅಂದ್ರೆ ಹಾಗಲ್ಲ. ಅದು ಗೋಡೆ ಕಚ್ಕೊಂಡು ಬದುಕೋ ಹಕ್ಕಿ. ತೆಗೆದಿಟ್ರೆ ಬೆಳಕಿನ ಹಿಂದೆ ಬಂದು ಬಿದ್ಬಿಡುತ್ತೆ. ಅವರಮ್ಮ ಮೇಲಿಂದ ಬರ್ತಾಳೆ. ಬಂದೇ ಬರ್ತಾಳೆ."

"ಮಗು ಎದುರಿಗೇ? ಈ ಮಗುವಿನ ಕತೆ ಗೊತ್ತಿದ್ದೂ? ಬೇರೆ ದಾರಿ ಇರ್ಲಿಲ್ವಾ?"

ಎಷ್ಟು ಚೆನ್ನಾಗಿ ಹೊರಟಿತು ಆ ಪ್ರಶ್ನೆ. ವರ್ನಾ ಬಾಯಿ ತೆರೆದಳು, ಮುಚ್ಚಿದಳು. ತಾನು ಎದ್ದುಬಂದು ರೋಶೆಲ್‌ಳ ತೋಳು ಹಿಡಿದಿರುವುದು, ಆಕೆಯ ಬಿಳಿ ತೋಳಿನ ಮೇಲೆ ತನ್ನ ಐದು ಬೆರಳೂ ಕಪ್ಪಗೆ ಮೂಡಿರುವುದು ಅವಳಿಗೆ ಕಾಣಿಸಿತು. ನಲ್ಲಿಯ ಹತ್ತಿರ ನಿಂತವಳ ಉಗುರುಗಳ ಗಾಯವೂ ಕಾಣಿಸಿತು. ರೋಶೆಲ್ ತೋಳನ್ನು ಮೆಲ್ಲಗೆ ಬಿಡಿಸಿಕೊಂಡಳು.

ಗೋಡೆಯೊಳಗೆ ಗುಡುಗು ಇಳಿಯಿತು. ರೋಶೆಲ್ ಬೆಚ್ಚಿ ಹಿಂದಕ್ಕೆ ಸರಿದಳು. ಮಾರ್ಲಿ ಓಡಿಹೋಗಿ, ಅಗ್ಗಿಷ್ಟಿಕೆಯೊಳಗೆ ನುಸುಳಿ, ಕಬ್ಬಿಣಕ್ಕೆ ಕಿವಿಯಿಟ್ಟಳು. ಗುಡುಗು ನಿಂತಿತು. ಮರಿಯ ಸದ್ದು ಒಮ್ಮೆಲೇ ಜೋರಾಗಿ, ದುರಾಸೆಯಿಂದ ಎದ್ದು, ತುತ್ತು ಬಿದ್ದ ಬಾಯಿಯಂತೆ ತುಂಡಾಯಿತು. ಮತ್ತೆ ಎದ್ದಿತು, ಮತ್ತೆ ತುಂಡಾಯಿತು.

"ಬಂದ್ಲು," ಎಂದಳು ಮಾರ್ಲಿ. ಆಮೇಲೆ ಮಸಿ ಹತ್ತಿದ ಮುಖ ತಿರುಗಿಸಿ ರೋಶೆಲ್‌ಳನ್ನು ನೋಡಿದಳು. "ನಮ್ಮಮ್ಮಾನೂ ಬರ್ತಿದ್ಲು. ಅವಳು ಬರೋದ್ರೊಳಗೇ ನೀವೆಲ್ಲ ಬಾಗ್ಲು ತೆಗೆದ್ಬಿಟ್ರಿ."

ತೆರೆದ ಬೀರುಗಳು, ತೆರೆದ ಒಲೆ, ನೆಲಮಾಳಿಗೆಯ ತೆರೆದ ಬಾಗಿಲು, ಎಲ್ಲವೂ ಕೇಳಿಸಿಕೊಳ್ಳುತ್ತಿದ್ದಂತಿತ್ತು. ಹುಡುಗಿ ಕಾಯುತ್ತಿದ್ದದ್ದು ಇದಕ್ಕೆ; ಅಮ್ಮ ಯಾವ ಬಾಗಿಲಿಂದ ಬರುತ್ತಾಳೋ ಗೊತ್ತಿಲ್ಲದ್ದಕ್ಕೆ ಎಲ್ಲವನ್ನೂ ತೆರೆದಿಟ್ಟಿದ್ದಳು. ವರ್ನಾ ದಿನವೂ ಅವಳ ಹಿಂದೆಯೇ ಬಂದು ಮುಚ್ಚುತ್ತಿದ್ದಳು.

ರೋಶೆಲ್ ವರ್ನಾಳತ್ತ ತಿರುಗಿದಳು. "ಭೇಟಿಯಾಗಿ ಬಂದಾಗ ಹೆದರಿರ್ತಾಳೆ, ಹಾಸಿಗೆ ಒದ್ದೆ ಮಾಡ್ಕೊಳ್ತಾಳೆ ಅಂತ ಫೋನಲ್ಲಿ ಹೇಳಿದ್ಯಲ್ಲ, ವರ್ನಾ."

"ಒಂದ್ಸಲ," ಎಂದಳು ವರ್ನಾ. "ನಾನೇ ಸೋಡಾ ಕುಡಿಸಿದ್ದೆ. ಅವಳು ಹೆದರೋದು ಅಲ್ಲಿಂದ ಬರೋವಾಗ ಅಲ್ಲ. ಇಲ್ಲಿಗೆ ಬಂದಮೇಲೆ." ಇಷ್ಟು ಹೇಳಿ ನಿಲ್ಲಿಸಬಹುದಾಗಿತ್ತು. "ಅವರಮ್ಮನ ಹತ್ರ ಕಳಿಸಿ. ಬೇಗ ಕಳಿಸಿ. ನಾನು ಮತ್ತೆ ಬೇರೆ ಏನಾದ್ರೂ ಹೇಳೋದ್ರೊಳಗೆ."

ಸಂಜೆ ಡೆಲ್ಬರ್ಟ್‌ನ ಲಾರಿ ಇನ್ನೂ ಬಂದಿರಲಿಲ್ಲ. ಮಾರ್ಲಿ ಅಡುಗೆಮನೆಯಲ್ಲಿ ಬೀನ್ಸ್ ತಿನ್ನುತ್ತಿದ್ದಳು, ಎಂದಿಗಿಂತ ಹಸಿದು, ತಟ್ಟೆಯಿಂದ ತಲೆಯೆತ್ತದೆ. ವರ್ನಾ ಕೋಣೆಯಿಂದ ಕೋಣೆಗೆ ಹೋದಳು. ಬೀರುವಿನ ಬಾಗಿಲಿಗೆ ಕೈ ಹಾಕಿದಳು, ಹಾಗೇ ಬಿಟ್ಟಳು. ಒಂದನ್ನೂ ಮುಚ್ಚದೆ ನಡುಮನೆಗೆ ಬಂದು ಕುರ್ಚಿಯಲ್ಲಿ ಕೂತಳು. ಕತ್ತಲಾಗುತ್ತಿತ್ತು, ಹೊಗೆಗೂಡಿನಲ್ಲಿ ಎಲ್ಲ ಸ್ತಬ್ಧ; ತಾಯಿ, ಮರಿ, ಎಲ್ಲರೂ ಗೋಡೆ ಹಿಡಿದು ಮಲಗಿರಬೇಕು. ಆಗ ಆ ಸದ್ದು ಮತ್ತೆ ಬಂತು. ಸೀದ ಪಾತ್ರೆಯ ತಳ ಕೆರೆಯುವಂಥದ್ದು. ಕೆರೆಯುವುದು, ನಿಲ್ಲುವುದು, ಮತ್ತೆ ಕೆರೆಯುವುದು. ಅವಳು ಎದ್ದು ಹೋಗಿ ಕಬ್ಬಿಣಕ್ಕೆ ಕಿವಿಯಿಟ್ಟಳು. ಅಲ್ಲಿಂದಲ್ಲ. ಅಡುಗೆಮನೆಯತ್ತ ತಿರುಗಿದಳು; ಸದ್ದೂ ಅವಳ ಜೊತೆಗೇ ತಿರುಗಿತು. ಬಾಗಿಲಲ್ಲಿ ಹುಡುಗಿ ಚಮಚವನ್ನು ಅಲುಗಿಸದೆ ಹಿಡಿದು ನಿಂತಿದ್ದಳು, ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡು, ವರ್ನಾಳ ಬಾಯಿಯನ್ನೇ ನೋಡುತ್ತಿದ್ದಳು.